ಗಾಳಿ ಮೊದಲೋ, ಕಾರು ಮೊದಲೋ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಈ ಮಾತು ಕೇಳುತ್ತಿರುವ ನಿಮ್ಮಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ ಹೆದ್ದಾರಿಯಲ್ಲಿ ಓಡಾಡಿದವರೇ ಹೆಚ್ಚು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆಯಾಯಿತು. ಮದ್ದೂರು ಪೇಟೆಯಲ್ಲಿ, ಮಂಡ್ಯದ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗುತ್ತಿದ್ದ ಕಾರುಗಳು ಈಗ ಊರಿನ ಹೊರಗಿನಿಂದಲೇ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಾದುಹೋಗುತ್ತವೆ. ಆ ವೇಗದಲ್ಲಿ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿ ನೋಡಿ, ಮಾತು ಕೇಳಿಸದಷ್ಟು ಸದ್ದು ಒಳಗೆ ನುಗ್ಗುತ್ತದೆ. ಎತ್ತರದ ಲಾರಿಯೊಂದನ್ನು ದಾಟುವಾಗ ಸ್ಟಿಯರಿಂಗ್ ಹಿಡಿದ ಕೈಗೆ ಕಾರು ಒಂದಿಷ್ಟು ಪಕ್ಕಕ್ಕೆ ಸರಿದಂತೆ ತಿಳಿಯುತ್ತದೆ. ಪೇಟೆಯೊಳಗೆ ಓಡಿಸುವಾಗ ಲೆಕ್ಕಕ್ಕೇ ಇರದಿದ್ದ ಗಾಳಿ ಇಲ್ಲಿ ಕಾರಿನ ಮೇಲೆ ಅಧಿಕಾರ ನಡೆಸತೊಡಗುತ್ತದೆ.

ಅದರ ಅಳತೆ ಎಷ್ಟು ಎಂದು ಮೊದಲು ನೋಡೋಣ. ಮಂಡ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿ. ಇಲ್ಲಿ ಒಂದು ಘನಮೀಟರ್ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಸಾಧಾರಣ ಸಣ್ಣ ಕಾರೊಂದು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವಾಗ ಪ್ರತಿ ಸೆಕೆಂಡಿಗೆ ಸುಮಾರು 60 ಕಿಲೋ ಗಾಳಿಯನ್ನು ತನ್ನ ಹಾದಿಯಿಂದ ಸರಿಸಬೇಕು. 50 ಕಿ.ಮೀ. ವೇಗದಲ್ಲಿ ಆ ಕಾರನ್ನು ಗಾಳಿ ಹಿಂದಕ್ಕೆ ಎಳೆಯುವ ಬಲ ಏಳೆಂಟು ಕಿಲೋ ತೂಕದಷ್ಟಿದ್ದರೆ, 100ರಲ್ಲಿ ಅದು 30 ಕಿಲೋ ಆಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ಬಲ ನಾಲ್ಕರಷ್ಟಾಗುತ್ತದೆ. ಈ ಒಂದು ಸೂತ್ರವನ್ನು ನೆನಪಿಟ್ಟುಕೊಳ್ಳಿ. ನಾನು ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಇವತ್ತಿನ ನನ್ನ ವಿಷಯ ಜಿಟಿ ರೇಸಿನ ಕಾರುಗಳು ಮತ್ತು ಅವುಗಳ ಮೇಲೆ ಗಾಳಿ ಮಾಡುವ ಕೆಲಸ. ಸೂರು, ಎರಡು ಬಾಗಿಲು, ಮುಚ್ಚಿದ ಚಕ್ರಗಳಿರುವ, ದೂರದ ಪಯಣಕ್ಕೂ ವೇಗಕ್ಕೂ ಒಗ್ಗುವ ಕಾರುಗಳನ್ನು ಜಿಟಿ ಎಂದು ಕರೆಯುತ್ತಾರೆ. ಸೂರು ಮತ್ತು ಮುಚ್ಚಿದ ಚಕ್ರಗಳಿರುವ ರೇಸಿನ ಕಾರುಗಳಲ್ಲಿ ಎರಡು ಬಗೆ ಇವೆ. ಷೋರೂಮಿನಲ್ಲಿ ಮಾರುವ ಕಾರನ್ನೇ ತೆಗೆದುಕೊಂಡು, ಅದರ ಒಡಲನ್ನು ಉಳಿಸಿಕೊಂಡು, ರೇಸಿಗೆ ಸಜ್ಜು ಮಾಡುವುದು ಒಂದು ಬಗೆ. ರೇಸಿಗೆಂದೇ ಕಾರ್ಬನ್ ಫೈಬರಿನಲ್ಲಿ ಹೊಸದಾಗಿ ಒಡಲು ಕಟ್ಟಿ, ಮೇಲೆ ಮಾರುವ ಕಾರಿನ ಚಹರೆ ಕೊಡುವುದು, ಅಥವಾ ಆ ಚಹರೆಯ ಗೊಡವೆಗೂ ಹೋಗದೆ ಶುದ್ಧ ಪ್ರೋಟೊಟೈಪ್ ಆಗಿಯೇ ಉಳಿಯುವುದು ಇನ್ನೊಂದು ಬಗೆ. ದೂರದಿಂದ ನೋಡಿದರೆ ಎರಡೂ ಒಂದೇ ಜಾತಿ ಅನ್ನಿಸಬಹುದು. ಗಾಳಿಯ ಕಣ್ಣಿನಲ್ಲಿ ಅವು ತೀರಾ ಬೇರೆ.

ಇದೆಲ್ಲ ಯುರೋಪು, ಜಪಾನಿನ ಮಾತು, ನಮಗೇಕೆ ಎಂದು ಯಾರಾದರೂ ಕೇಳಬಹುದು. ನಮ್ಮವರೇ ಆ ಕಾರುಗಳಲ್ಲಿ ಕೂತಿದ್ದಾರೆ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಎಲ್‌ಎಂಪಿ2 ಎಂಬ ಪ್ರೋಟೊಟೈಪ್ ಕಾರು ಓಡಿಸಿದರು. 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಮರ್ಸಿಡಿಸ್ ಎಎಂಜಿ ಜಿಟಿ3 ಕಾರು ಹಿಡಿದು, ಆ ಸರಣಿಯಲ್ಲಿ ಓಡಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಅಖಿಲ್ ರಬೀಂದ್ರ ಆಸ್ಟನ್ ಮಾರ್ಟಿನ್ ವಾಂಟೇಜ್ ಕಾರಿನಲ್ಲಿ ಯುರೋಪಿನ ಜಿಟಿ4 ಸರಣಿ ಓಡಿದ್ದಾರೆ. ಫಾರ್ಮುಲಾ ಒನ್ನಿಗೆ ಕಾಲಿಟ್ಟ ಮೊದಲ ಭಾರತೀಯ, ನೆರೆಯ ಕೊಯಮತ್ತೂರಿನ ನರೈನ್ ಕಾರ್ತಿಕೇಯನ್, 2019ರಲ್ಲಿ ಜಪಾನಿನ ಸೂಪರ್ ಜಿಟಿ ಸರಣಿಯಲ್ಲಿ ಹೋಂಡಾ ಎನ್‌ಎಸ್‌ಎಕ್ಸ್ ಜಿಟಿ500 ಓಡಿಸಿದರು. ಈ ಮೂವರ ಕಾರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮಾತು ಮುಂದುವರಿಸುತ್ತೇನೆ.

ಗಾಳಿ ರೇಸಿನ ಕಾರಿಗೆ ಎರಡು ಕೆಲಸ ಮಾಡುತ್ತದೆ. ಒಂದು ಈಗಾಗಲೇ ಹೇಳಿದ ಎಳೆತ, ಹಿಂದಕ್ಕೆ ಜಗ್ಗುವ ಬಲ. ಇನ್ನೊಂದು ಮೇಲಕ್ಕೆ ಎತ್ತುವ ಅಥವಾ ಕೆಳಕ್ಕೆ ಒತ್ತುವ ಬಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದವರು ಈ ಎರಡನೆಯ ಬಲವನ್ನು ಕಣ್ಣಾರೆ ಕಂಡಿದ್ದೀರಿ. ಹುಣಸೆ ಮರದ ಗೂಡಿಗೆ ಬರುವ ಹೆಜ್ಜಾರ್ಲೆ ರೆಕ್ಕೆ ಬಡಿಯದೆ, ಹರಡಿಕೊಂಡು ತೇಲಿ ಬರುತ್ತದೆ. ಆ ರೆಕ್ಕೆಯ ಮೇಲ್ಮೈ ಉಬ್ಬಿದೆ, ಕೆಳಮೈ ತಗ್ಗಿದೆ. ಮೇಲೆ ಹರಿಯುವ ಗಾಳಿಗೆ ವೇಗ ಹೆಚ್ಚು, ಒತ್ತಡ ಕಡಿಮೆ. ಕೆಳಗಿನ ಗಾಳಿಗೆ ಒತ್ತಡ ಹೆಚ್ಚು. ಹಕ್ಕಿ ಮೇಲಕ್ಕೆ ಎತ್ತಲ್ಪಡುತ್ತದೆ. ಈ ರೆಕ್ಕೆಯನ್ನೇ ಬೋರಲು ಹಾಕಿದರೆ ಎತ್ತುವ ಬಲ ಒತ್ತುವ ಬಲವಾಗುತ್ತದೆ. ರೇಸಿನವರು ಅದಕ್ಕೆ ಡೌನ್‌ಫೋರ್ಸ್ ಎನ್ನುತ್ತಾರೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಮೈಕೆಲ್ ಮೇ ತನ್ನ ಪೋರ್ಷೆ 550 ಕಾರಿನ ತಲೆಯ ಮೇಲೆ ಇಂಥದೊಂದು ಬೋರಲು ರೆಕ್ಕೆ ನಿಲ್ಲಿಸಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿಗೆ ಬಂದ. ಅಧಿಕಾರಿಗಳು ಅದನ್ನು ತೆಗೆಸಿದರು. ಹತ್ತು ವರ್ಷ ಕಳೆದು, 1966ರಲ್ಲಿ, ಅಮೆರಿಕದ ಜಿಮ್ ಹಾಲ್ ತಮ್ಮ ಚಾಪರಲ್ ಕಾರಿಗೆ ಎತ್ತರದ ರೆಕ್ಕೆ ಕಟ್ಟಿದಾಗ ಜಗತ್ತು ಒಪ್ಪಿತು.

ಕೆಳಕ್ಕೆ ಒತ್ತಿದರೆ ಏನು ಲಾಭ? ತಿರುವಿನಲ್ಲಿ ಕಾರನ್ನು ಹಿಡಿದಿಡುವುದು ಟೈರು. ಟೈರಿನ ಮೇಲೆ ಭಾರ ಹೆಚ್ಚಿದಷ್ಟೂ ಅದರ ಹಿಡಿತ ಹೆಚ್ಚು. ಆ ಭಾರವನ್ನು ಮೂಟೆ ಹೇರಿ ಕೊಟ್ಟರೆ ಕಾರು ತಿರುಗಲು, ನಿಲ್ಲಲು ಕಷ್ಟಪಡುತ್ತದೆ. ಗಾಳಿಯಿಂದ ಬರುವ ಭಾರಕ್ಕೆ ಆ ತೊಂದರೆ ಇಲ್ಲ. ಹಿಡಿತ ಸಿಗುತ್ತದೆ, ಹೊತ್ತು ತಿರುಗುವ ತೂಕ ಹೆಚ್ಚುವುದಿಲ್ಲ. ಗಂಟೆಗೆ 100 ಕಿ.ಮೀ.ಯಲ್ಲಿ 100 ಕಿಲೋ ಒತ್ತುವ ರೆಕ್ಕೆ 250 ಕಿ.ಮೀ.ಯಲ್ಲಿ 625 ಕಿಲೋ ಒತ್ತುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಬಲ ಬೆಳೆಯುತ್ತದೆ ಎಂದು ಹೇಳಿದೆನಲ್ಲ, ಅದೇ ಲೆಕ್ಕ.

ಈಗ ಅರ್ಜುನ್ ಮೈನಿ 2021ರಲ್ಲಿ ಓಡಿಸಿದ ಜಿಟಿ3 ಕಾರಿನ ಹತ್ತಿರ ಹೋಗಿ ನಿಲ್ಲೋಣ. ಅದರ ಮುಂದಿನ ಗಾಜಿನ ಓರೆ, ಸೂರಿನ ಬಾಗು, ಬಾಗಿಲುಗಳ ಜಾಗ ಮಾರುಕಟ್ಟೆಯ ಮರ್ಸಿಡಿಸ್ ಎಎಂಜಿ ಜಿಟಿ ಕಾರಿನದೇ. ಎಂಜಿನ್ ಮುಂದೆಯೇ ಇದೆ, ಉದ್ದ ಬಾನೆಟ್ಟಿನ ಕೆಳಗೆ. ಗಾಳಿಗೆಂದು ಅದನ್ನು ಹಿಂದಕ್ಕೆ ಸಾಗಿಸುವಂತಿಲ್ಲ, ಸೂರನ್ನು ತಗ್ಗಿಸುವಂತಿಲ್ಲ. ಮನುಷ್ಯರು ಆರಾಮಾಗಿ ಕೂರಲಿ, ಮಳೆಗಾಲದಲ್ಲಿ ಗಾಜು ಒರೆಸಿಕೊಳ್ಳಲಿ, ಡಿಕ್ಕಿಯಲ್ಲಿ ಚೀಲ ಇಡಲಿ ಎಂದು ರೂಪುಗೊಂಡ ಒಡಲು ಅದು. ಇಂಥ ಒಡಲು ತನ್ನಷ್ಟಕ್ಕೆ ಬಿಟ್ಟರೆ ಅತಿವೇಗದಲ್ಲಿ ತುಸು ಮೇಲಕ್ಕೇ ಏಳಲು ನೋಡುತ್ತದೆ. ಬಾಗಿದ ಸೂರಿನ ಮೇಲೆ ಗಾಳಿ ಹರಿಯುವುದು ಹೆಜ್ಜಾರ್ಲೆಯ ರೆಕ್ಕೆಯ ಮೇಲೆ ಹರಿದಂತೆಯೇ.

ಹಾಗಾಗಿ ಜಿಟಿ3 ಎಂಜಿನಿಯರು ಇರುವ ಒಡಲಿನ ಅಂಚುಗಳಲ್ಲಿ ಕೆಲಸ ಮಾಡುತ್ತಾನೆ. ಮುಂದಿನ ಬಂಪರಿನ ಕೆಳಗೆ ನೆಲಕ್ಕೆ ಸಮನಾಗಿ ಮುಂಚಾಚಿದ ಹಲಗೆಯೊಂದಿದೆ, ಅದು ಸ್ಪ್ಲಿಟರ್. ಮೇಲೆ ತಡೆದು ನಿಂತ ಗಾಳಿ ಅದನ್ನು ಒತ್ತುತ್ತದೆ, ಕೆಳಗೆ ಓಡುವ ಗಾಳಿ ಅದನ್ನು ಹೀರುತ್ತದೆ. ಮೂಗು ನೆಲಕ್ಕೆ ಅಂಟಿಕೊಳ್ಳುತ್ತದೆ. ಮುಂಚಕ್ರದ ಮೇಲಿನ ಮಡ್‌ಗಾರ್ಡಿನಲ್ಲಿ ಸಾಲು ಸೀಳುಗಳಿವೆ. ತಿರುಗುವ ಚಕ್ರ ತನ್ನ ಗೂಡಿನಲ್ಲಿ ಗಾಳಿಯನ್ನು ಒತ್ತೊತ್ತಾಗಿ ತುಂಬುತ್ತದೆ. ಆ ಗಾಳಿ ಕಾರನ್ನು ಎತ್ತದಂತೆ ಸೀಳುಗಳು ಅದನ್ನು ಹೊರಗೆ ಬಿಡುತ್ತವೆ. ರೇಡಿಯೇಟರಿನಿಂದ ಬಿಸಿಯಾಗಿ ಬರುವ ಗಾಳಿಗೆ ಬಾನೆಟ್ಟಿನ ಮೇಲೆ ದಾರಿ ಇದೆ. ಬೆನ್ನ ಹಿಂದೆ, ಡಿಕ್ಕಿಯ ಮೇಲೆ, ಅಗಲವಾದ ರೆಕ್ಕೆ.

ಇಂಥ ರೆಕ್ಕೆಗಳನ್ನು ಹಿಡಿದಿರುವ ಕಂಬಗಳನ್ನು ಗಮನಿಸಿ. ಹಲವು ಜಿಟಿ3 ಕಾರುಗಳಲ್ಲಿ ಅವು ಹಂಸದ ಕೊರಳಿನಂತೆ ಬಾಗಿ, ಮೇಲಿನಿಂದ ರೆಕ್ಕೆಯನ್ನು ಹಿಡಿದು ತೂಗಿಸಿವೆ. ಬೋರಲು ರೆಕ್ಕೆಯ ಹೆಚ್ಚಿನ ಕೆಲಸ ನಡೆಯುವುದು ಅದರ ಕೆಳಮೈಯಲ್ಲಿ, ಗಾಳಿ ವೇಗವಾಗಿ ಹರಿದು ಹೀರುವ ಕಡೆ. ಅಲ್ಲಿ ಕಂಬ ಬಂದು ನಿಂತರೆ ಹರಿವು ಕದಡುತ್ತದೆ. ಕಂಬವನ್ನು ಮೇಲ್ಮೈಗೆ ಸಾಗಿಸಿದರೆ ಕೆಳಮೈ ಪೂರ್ತಿ ಶುದ್ಧವಾಗಿ ಉಳಿಯುತ್ತದೆ. ಅಷ್ಟು ಸಣ್ಣ ಬದಲಾವಣೆಯಲ್ಲಿ ಗಾಳಿಯ ಆಳವಾದ ಅಧ್ಯಯನ ಅಡಗಿದೆ.

ಇನ್ನೊಂದು ಮಾತು ಸಮತೋಲದ್ದು. ಹಿಂದಿನ ರೆಕ್ಕೆ ಹಿಂದಿನ ಚಕ್ರಗಳ ಅಚ್ಚಿಗಿಂತಲೂ ಹಿಂದಿರುತ್ತದೆ. ಅದು ಬಾಲವನ್ನು ಅದುಮಿದಾಗ ಏತದ ಹಾಗೆ ಮೂಗು ಹಗುರವಾಗುತ್ತದೆ. ಮುಂದೆ ಸ್ಪ್ಲಿಟರ್ ಅದಕ್ಕೆ ಸರಿಸಮನಾಗಿ ಒತ್ತದಿದ್ದರೆ ತಿರುವಿನಲ್ಲಿ ಕಾರು ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಹೀಗಾಗಿ ಜಿಟಿ3 ಕಾರಿನ ಒಂದೊಂದು ತುಂಡೂ ಇನ್ನೊಂದರ ಜತೆ ಒಪ್ಪಂದದಲ್ಲಿ ಇರುತ್ತದೆ. ಈ ತುಂಡುಗಳನ್ನೂ ಕಂಪನಿ ಮನಬಂದಂತೆ ಬದಲಿಸುವಂತಿಲ್ಲ. 2006ರಲ್ಲಿ ಜಿಟಿ3 ವರ್ಗ ಆರಂಭವಾದಾಗಿನಿಂದ ಒಂದು ಪದ್ಧತಿ ಇದೆ. ಕಾರನ್ನು ಒಮ್ಮೆ ಅಳೆದು, ಪರೀಕ್ಷಿಸಿ ಮಾನ್ಯ ಮಾಡುತ್ತಾರೆ. ಮುಂಭಾಗದಲ್ಲಿ ಎಂಜಿನ್ ಇರುವ ಮರ್ಸಿಡಿಸ್, ಹಿಂಭಾಗದಲ್ಲಿರುವ ಪೋರ್ಷೆ, ನಡುವೆ ಇರುವ ಫೆರಾರಿ ಒಂದೇ ಸಾಲಿನಲ್ಲಿ ಸೆಣಸಲೆಂದು ಅವುಗಳ ತೂಕ, ಎಂಜಿನ್ ಶಕ್ತಿ, ನೆಲದಿಂದ ಎತ್ತರ ಮುಂತಾದವನ್ನು ಹೊಂದಿಸುತ್ತಾರೆ. ಅಖಿಲ್ ಓಡಿಸಿದ ಜಿಟಿ4 ಇನ್ನೂ ಒಂದು ಹೆಜ್ಜೆ ರಸ್ತೆಯ ಕಾರಿಗೆ ಹತ್ತಿರ. ಅಲ್ಲಿ ಗಾಳಿಯ ಸಲಕರಣೆಗಳೂ ಕಡಿಮೆ, ಡೌನ್‌ಫೋರ್ಸೂ ಕಡಿಮೆ. ಟೈರು ಮತ್ತು ಚಾಲಕನ ಕೈಚಳಕದ ಮೇಲೆ ಹೊಣೆ ಹೆಚ್ಚು.

ಈಗ ಪ್ರೋಟೊಟೈಪ್ ಕಡೆ ಬರೋಣ. ಅರ್ಜುನ್ 2019ರಲ್ಲಿ ಲ ಮಾನ್ಸಿನಲ್ಲಿ ಕೂತ ಒರೆಕಾ 07 ಕಾರಿಗೆ ರಸ್ತೆಯಲ್ಲಿ ಓಡುವ ಅಣ್ಣತಮ್ಮಂದಿರೇ ಇಲ್ಲ. ಅದರ ವಿನ್ಯಾಸ ಆರಂಭವಾಗುವುದು ಗಾಳಿಯಿಂದ. ಗಾಳಿ ಎಲ್ಲಿ ಒಳಹೋಗಬೇಕು, ಎಲ್ಲಿ ಹೊರಬರಬೇಕು ಎಂದು ಮೊದಲು ಗೊತ್ತು ಮಾಡಿ, ಉಳಿದ ಜಾಗದಲ್ಲಿ ಎಂಜಿನ್ ಇಟ್ಟು, ಇನ್ನೂ ಉಳಿದ ಕಿರಿದಾದ ಗೂಡಿನಲ್ಲಿ ಚಾಲಕನನ್ನು ಅರೆಮಲಗಿದಂತೆ ಕೂರಿಸುತ್ತಾರೆ. ಗಾಜಿನ ಗೂಡು ಹನಿಯಾಕಾರದಲ್ಲಿ ಹಿಂದಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಅದರ ಇಕ್ಕೆಲದಲ್ಲೂ ಚಕ್ರದ ಗೂಡುಗಳ ನಡುವೆ ಗಾಳಿಗೆ ಓಣಿಗಳಿವೆ.

ಆದರೆ ದೊಡ್ಡ ವ್ಯತ್ಯಾಸ ಇರುವುದು ಕಣ್ಣಿಗೆ ಬೀಳದ ಕಡೆ, ಕಾರಿನ ಹೊಟ್ಟೆಯ ಕೆಳಗೆ. ನಮ್ಮ ವಿ.ಸಿ. ನಾಲೆಯನ್ನು ನೆನೆಸಿಕೊಳ್ಳಿ. ಅಗಲವಾದ ಕಡೆ ನೀರು ನಿಧಾನವಾಗಿ ಬರುತ್ತದೆ. ತೂಬಿನ ಬಳಿ, ಸೇತುವೆಯ ಕಂಬಗಳ ನಡುವೆ ಇಕ್ಕಟ್ಟಾದಾಗ ಅದೇ ನೀರು ರಭಸದಿಂದ ನುಗ್ಗುತ್ತದೆ. ದಾಟಿದ ಮೇಲೆ ಮತ್ತೆ ಹರಡಿಕೊಂಡು ಸಾವಧಾನಗೊಳ್ಳುತ್ತದೆ. ಪ್ರೋಟೊಟೈಪಿನ ತಳಕ್ಕೂ ನೆಲಕ್ಕೂ ನಡುವಿನ ಸಂದಿನಲ್ಲಿ ಗಾಳಿ ಮಾಡುವುದೂ ಅದನ್ನೇ. ಸಂದು ಕಿರಿದಾದ ಕಡೆ ಗಾಳಿಗೆ ವೇಗ ಬರುತ್ತದೆ, ವೇಗ ಬಂದ ಕಡೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದ ಕಡೆಗೆ ಕಾರು ಹೀರಲ್ಪಡುತ್ತದೆ. ಹಿಂದೆ ಡಿಫ್ಯೂಸರ್ ಎಂಬ ಮೇಲ್ಮುಖ ಇಳಿಜಾರು ಆ ಗಾಳಿಯನ್ನು ನಿಧಾನವಾಗಿ ಹರಡಿ ಹೊರಗೆ ಕಳಿಸುತ್ತದೆ. ರೆಕ್ಕೆಯಿಂದ ಬರುವ ಡೌನ್‌ಫೋರ್ಸಿಗೆ ಎಳೆತದ ರೂಪದಲ್ಲಿ ದುಬಾರಿ ಬೆಲೆ ತೆರಬೇಕು. ತಳದಿಂದ ಬರುವುದಕ್ಕೆ ಬೆಲೆ ಬಹಳ ಕಡಿಮೆ. ಪ್ರೋಟೊಟೈಪ್ ಕಟ್ಟುವವರಿಗೆ ತಳವನ್ನು ಮೊದಲಿನಿಂದ ರೂಪಿಸುವ ಸ್ವಾತಂತ್ರ್ಯವಿದೆ. ಜಿಟಿ3 ಕಟ್ಟುವವನಿಗೆ ಎಂಜಿನ್, ಗೇರ್‌ಬಾಕ್ಸ್, ರಸ್ತೆಯ ಕಾರಿನ ಚೌಕಟ್ಟು ಅಡ್ಡ ಬರುತ್ತವೆ. ಸಪಾಟು ತಳ ಹಾಸಿ, ಹಿಂದೊಂದು ಡಿಫ್ಯೂಸರ್ ಇಟ್ಟು, ಉಳಿದದ್ದನ್ನು ರೆಕ್ಕೆಗೆ ಬಿಡಬೇಕು.

ಇದರ ಫಲ ಗಡಿಯಾರದಲ್ಲಿ ಕಾಣುತ್ತದೆ. ಲ ಮಾನ್ಸಿನ ಒಂದು ಸುತ್ತು 13 ಕಿಲೋಮೀಟರಿಗೂ ಹೆಚ್ಚು. 2019ರಲ್ಲಿ ಅಲ್ಲಿ ಎಲ್‌ಎಂಪಿ2 ಕಾರುಗಳ ಅತ್ಯುತ್ತಮ ಅರ್ಹತಾ ಸುತ್ತು, ಅದೇ ರೇಸಿನ ಜಿಟಿ ಕಾರುಗಳಿಗಿಂತ 20 ಸೆಕೆಂಡಿಗೂ ಹೆಚ್ಚು ವೇಗವಾಗಿತ್ತು. ಎಂಜಿನ್ ಶಕ್ತಿಯ ಅಂತರ ಇದಕ್ಕೆ ಕಾರಣವೆಂದು ಹೇಳಿದರೆ ಅರ್ಧ ಸತ್ಯವಾದೀತು. ಸುಮಾರು 930 ಕಿಲೋ ತೂಕದ ಹಗುರ ಒಡಲು, ಅದನ್ನು ನೆಲಕ್ಕೆ ಹೀರುವ ತಳ, ಇವೆರಡೂ ಕೂಡಿ ತಿರುವಿನಲ್ಲಿ ಗಳಿಸಿದ ಸಮಯ ಅದು.

ಜಿಟಿ3 ಮತ್ತು ಶುದ್ಧ ಪ್ರೋಟೊಟೈಪ್, ಈ ಎರಡರ ನಡುವೆ ನಿಂತದ್ದು ನರೈನ್ ಓಡಿಸಿದ ಜಿಟಿ500. ಜಪಾನಿನ ಈ ಕಾರು ಮೇಲೆ ನೋಡಿದರೆ ಹೋಂಡಾ ಎನ್‌ಎಸ್‌ಎಕ್ಸ್, ಒಳಗೆ ಕಾರ್ಬನ್ ಒಡಲಿನ ಪ್ರೋಟೊಟೈಪ್. 2014ರಲ್ಲಿ ಜಾರಿಗೆ ಬಂದ ನಿಯಮದಂತೆ ಕಾರಿನ ಪಕ್ಕೆಯಲ್ಲಿ ಒಂದು ಕಲ್ಪಿತ ಗೆರೆ ಎಳೆದರು. ಗೆರೆಯ ಮೇಲೆ ಮಾರುವ ಕಾರಿನ ಚಹರೆ ಉಳಿಯಬೇಕು. ಗೆರೆಯ ಕೆಳಗೆ, ಚಕ್ರಗಳ ಸುತ್ತ, ಗಾಳಿಯನ್ನು ಪಳಗಿಸಲು ಕಂಪನಿಗಳಿಗೆ ಅವಕಾಶ. ಹೀಗಾಗಿ ಜಿಟಿ500 ಕಾರಿನ ಮೇಲ್ಭಾಗ ಷೋರೂಮನ್ನು ನೆನಪಿಸಿದರೆ, ಕೆಳಭಾಗದ ತುಂಬಾ ಸಣ್ಣಸಣ್ಣ ರೆಕ್ಕೆಗಳು, ಸೀಳುಗಳು, ಬಾಗಿದ ಹಲಗೆಗಳು. ಆ ಚಹರೆ ಎಷ್ಟರ ಮಟ್ಟಿಗೆ ಹೊದಿಕೆ ಮಾತ್ರ ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಮಾರುವ ಎನ್‌ಎಸ್‌ಎಕ್ಸಿನಲ್ಲಿ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆ. 2019ರ ರೇಸ್ ಕಾರಿನಲ್ಲೂ ಹಾಗೇ ಇತ್ತು. 2020ರಲ್ಲಿ ನಿಯಮ ಬದಲಾದಾಗ ಅದೇ ಹೆಸರಿನ, ಅದೇ ಮುಖದ ರೇಸ್ ಕಾರಿನ ಎಂಜಿನ್ ಮುಂದಕ್ಕೆ ಬಂದಿತು. ಜಿಟಿ3ರಲ್ಲಿ ಇದು ಕನಸಿನಲ್ಲೂ ಸಾಧ್ಯವಿಲ್ಲ.

ಮಾರುವ ಕಾರು, ರೇಸಿನ ಕಾರು ಎಂಬ ಈ ಗೆರೆಯ ಮೇಲೆ ನಡೆದ ಜಗ್ಗಾಟಕ್ಕೆ ದೊಡ್ಡ ಚರಿತ್ರೆಯೇ ಇದೆ. 1969ರಲ್ಲಿ ಪೋರ್ಷೆ ಕಂಪನಿ 25 ಕಾರು ತಯಾರಿಸಿ ತೋರಿಸಬೇಕೆಂಬ ನಿಯಮಕ್ಕೆ ಒಪ್ಪಿ, 917 ಎಂಬ ಕಾರುಗಳನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿಸಿತು. ಕಾಗದದ ಮೇಲೆ ಅದು ತಯಾರಿಕೆಯ ಕಾರು, ನಿಜದಲ್ಲಿ ರೇಸಿಗೆಂದೇ ಹುಟ್ಟಿದ್ದು. ಎಳೆತ ಕಡಿಮೆ ಮಾಡಬೇಕೆಂಬ ಒಂದೇ ಗುರಿಯಿಂದ ಅದಕ್ಕೆ ಉದ್ದ ಬಾಲ ಕೊಟ್ಟಿದ್ದರು. ನೇರ ಹಾದಿಯಲ್ಲಿ ಅದರ ವೇಗಕ್ಕೆ ಸಾಟಿ ಇರಲಿಲ್ಲ, ಆದರೆ ಅತಿವೇಗದಲ್ಲಿ ಕಾರು ಹಿಡಿತಕ್ಕೆ ಸಿಗದೆ ಅಲೆದಾಡುತ್ತಿತ್ತು. ಅನುಭವಿ ಚಾಲಕರೇ ಹೆದರಿದರು. ಆ ವರ್ಷ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ ಪರೀಕ್ಷೆ ನಡೆಸಿದಾಗ ಎಂಜಿನಿಯರುಗಳ ಕಣ್ಣಿಗೆ ಬಿದ್ದದ್ದು ಸತ್ತ ಹುಳಗಳು. ಕಾರಿನ ಮೂಗು, ಗಾಜು, ಮೈ ಎಲ್ಲಕ್ಕೂ ಹುಳ ಬಡಿದು ಮೆತ್ತಿಕೊಂಡಿದ್ದವು. ಬಾಲದ ತುದಿಯ ಸ್ಪಾಯ್ಲರ್ ಮಾತ್ರ ಚೊಕ್ಕಟವಾಗಿತ್ತು. ಗಾಳಿ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಟ್ರ್ಯಾಕಿನ ಪಕ್ಕದಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಬಾಲವನ್ನು ಮೇಲಕ್ಕೆ ಏರುವಂತೆ ಕಟ್ಟಿದರು. ಕಾರು ನೆಲಕ್ಕೆ ಕೂತಿತು. 1970ರಲ್ಲಿ ಅದೇ 917 ಲ ಮಾನ್ಸ್ ಗೆದ್ದಿತು. ಸಂಜೆ ಹೊತ್ತು ಗದ್ದೆ ಬಯಲಿನ ರಸ್ತೆಯಲ್ಲಿ ಕಾರು ಓಡಿಸಿ ಗಾಜಿನ ತುಂಬಾ ಹುಳ ಮೆತ್ತಿಸಿಕೊಂಡು ಬರುವ ನಮ್ಮವರಿಗೆ ಈ ಸಾಕ್ಷ್ಯದ ಮಹತ್ವ ಬೇಗ ತಿಳಿಯುತ್ತದೆ.

1990ರ ದಶಕದಲ್ಲಿ ಈ ಜಗ್ಗಾಟ ಮತ್ತೆ ತಾರಕಕ್ಕೇರಿತು. 1995ರಲ್ಲಿ ಲ ಮಾನ್ಸ್ ಗೆದ್ದ ಮೆಕ್‌ಲಾರೆನ್ ಎಫ್1 ಜಿಟಿಆರ್, ನಿಜವಾಗಿ ರಸ್ತೆಗೆಂದು ರೂಪಿಸಿದ ಕಾರಿನ ರೇಸ್ ಅವತಾರ. ಮರುವರ್ಷವೇ ಪೋರ್ಷೆ 911 ಜಿಟಿ1 ಬಂದಿತು. ಇದರ ಹಾದಿ ತಿರುವುಮುರುವು: ಮೊದಲು ರೇಸಿನ ಕಾರು ಕಟ್ಟಿ, ನಿಯಮದ ಶಾಸ್ತ್ರಕ್ಕೆ ರಸ್ತೆಯ ಕಾರುಗಳನ್ನು ಬೆರಳೆಣಿಕೆಯಲ್ಲಿ ಮಾಡಿದರು. 1997ರಲ್ಲಿ ಮರ್ಸಿಡಿಸ್ ಸಿಎಲ್‌ಕೆ ಜಿಟಿಆರ್ ಅದೇ ಹಾದಿ ಹಿಡಿಯಿತು. 1998ರ ಟೊಯೋಟಾ ಜಿಟಿ-ಒನ್ ಕಾರಿಗೆ ಸೂಟ್‌ಕೇಸ್ ಇಡುವ ಜಾಗ ಕಡ್ಡಾಯವಾಗಿದ್ದಾಗ, ಖಾಲಿ ಪೆಟ್ರೋಲ್ ಟ್ಯಾಂಕಿನಲ್ಲೇ ಆ ಜಾಗವಿದೆ ಎಂದು ಕಂಪನಿ ಅಧಿಕಾರಿಗಳನ್ನು ಒಪ್ಪಿಸಿತು. ಜಿಟಿ ಎಂಬ ಹೆಸರು ಉಳಿದಿತ್ತು, ರಸ್ತೆಯ ಕಾರು ಕಾಣೆಯಾಗಿತ್ತು.

ಆ ಓಟದ ಕೊನೆ 1999ರ ಜೂನ್‌ನಲ್ಲಿ ಲ ಮಾನ್ಸಿನಲ್ಲಿ ಬಂದಿತು. ಮರ್ಸಿಡಿಸ್ ಆ ವರ್ಷ ಸಿಎಲ್‌ಆರ್ ಎಂಬ ಪ್ರೋಟೊಟೈಪನ್ನು ಇಳಿಸಿತ್ತು. ನೆಲಕ್ಕೆ ತೀರಾ ತಗ್ಗಿದ ಕಾರು. ಚಕ್ರಗಳ ನಡುವಿನ ಅಂತರ ಕಡಿಮೆ, ಮೂಗು ಮತ್ತು ಬಾಲ ಚಕ್ರಗಳಾಚೆ ಉದ್ದಕ್ಕೆ ಚಾಚಿದ್ದವು. ಅರ್ಹತಾ ಸುತ್ತಿನಲ್ಲಿ ಮಾರ್ಕ್ ವೆಬ್ಬರ್ ಅವರ ಕಾರಿನ ಮೂಗು ಎದ್ದು ಕಾರು ಹಿಮ್ಮುಖವಾಗಿ ಗಾಳಿಗೆ ಹಾರಿತು. ರೇಸಿನ ದಿನ ಬೆಳಗಿನ ಅಭ್ಯಾಸದಲ್ಲಿ ಅವರಿಗೇ ಮತ್ತೆ ಹಾಗಾಯಿತು. ರೇಸಿನಲ್ಲಿ ಪೀಟರ್ ಡಂಬ್ರೆಕ್ ಅವರ ಕಾರು ಹಾರಿ, ಉರುಳಿ, ಬೇಲಿ ದಾಟಿ ಮರಗಳ ನಡುವೆ ಬಿದ್ದಿತು. ಇಬ್ಬರೂ ಬದುಕುಳಿದದ್ದು ದೊಡ್ಡ ಪುಣ್ಯ. ಮರ್ಸಿಡಿಸ್ ಅಂದೇ ರೇಸಿನಿಂದ ಹಿಂದೆ ಸರಿಯಿತು.

ಕಾರಣ ನಾನು ಆಗಲೇ ಹೇಳಿದ ತಳದಲ್ಲೇ ಇದೆ. ತಳ ನೆಲಕ್ಕೆ ಸಮಾನಾಂತರವಾಗಿ ಇರುವವರೆಗೆ ಅದು ಕಾರನ್ನು ಹೀರುತ್ತದೆ. ಮುಂದಿನ ಕಾರಿಗೆ ತೀರಾ ಹತ್ತಿರ ಹೋದಾಗ ಮೂಗಿಗೆ ಕದಡಿದ ಗಾಳಿ ಮಾತ್ರ ಸಿಗುತ್ತದೆ, ಅಲ್ಲಿನ ಒತ್ತುಬಲ ಕುಸಿಯುತ್ತದೆ. ಆ ಹೊತ್ತಿಗೆ ರಸ್ತೆಯಲ್ಲಿ ಉಬ್ಬು ಬಂದು ಮೂಗು ಕೊಂಚ ಎದ್ದರೆ, ಅಗಲವಾದ ಸಪಾಟು ತಳದ ಕೆಳಗೆ ಗಂಟೆಗೆ 300 ಕಿ.ಮೀ. ವೇಗದ ಗಾಳಿ ನುಗ್ಗುತ್ತದೆ. ಒತ್ತುತ್ತಿದ್ದ ಬಲವೇ ಎತ್ತುವ ಬಲವಾಗುತ್ತದೆ. ಈ ಪಾಠದ ಫಲವಾಗಿ ನಿಯಮಗಳು ಬದಲಾದವು. 2011ರಿಂದ ಹೊಸ ಪ್ರೋಟೊಟೈಪ್‌ಗಳ ಬೆನ್ನ ಮೇಲೆ ಮೀನಿನ ರೆಕ್ಕೆಯಂಥ ದೊಡ್ಡ ಹಲಗೆ ಬಂದಿತು, ಅಡ್ಡ ತಿರುಗಿದ ಕಾರು ಹಾರದಿರಲಿ ಎಂದು. 2012ರಿಂದ ಚಕ್ರದ ಗೂಡುಗಳ ಮೇಲೆ ದೊಡ್ಡ ಕಿಂಡಿಗಳನ್ನು ಕಡ್ಡಾಯ ಮಾಡಿದರು. ರಸ್ತೆಯ ಒಡಲಿನಿಂದ ಬಂದ ಜಿಟಿ ಕಾರುಗಳು ತಳದ ಮೇಲೆ ಇಷ್ಟು ನೆಚ್ಚಿಕೊಂಡಿಲ್ಲದ ಕಾರಣ, ಇಂಥ ಅಪಾಯಕ್ಕೆ ಅಷ್ಟು ಸುಲಭವಾಗಿ ತುತ್ತಾಗುವುದಿಲ್ಲ.

ಇನ್ನೊಂದು ಪಾಠ ಹಣದ್ದು. 2019ರ ನವೆಂಬರಿನಲ್ಲಿ ಜಪಾನಿನ ಫುಜಿ ಟ್ರ್ಯಾಕಿನಲ್ಲಿ ಸೂಪರ್ ಜಿಟಿಯ ಜಿಟಿ500 ಕಾರುಗಳು ಮತ್ತು ಜರ್ಮನಿಯ ಡಿಟಿಎಂ ಕಾರುಗಳು ಒಂದೇ ಸಾಲಿನಲ್ಲಿ ನಿಂತು ಸೆಣಸಿದವು. ಎರಡೂ ಕಡೆಯವು ಮಾರುವ ಕಾರಿನ ಮುಖ ಹೊತ್ತ ಪ್ರೋಟೊಟೈಪ್‌ಗಳೇ. ಅಲ್ಲಿ ನಡೆದ ಎರಡು ರೇಸುಗಳಲ್ಲಿ ಒಂದನ್ನು ನರೈನ್ ಕಾರ್ತಿಕೇಯನ್ ಗೆದ್ದರು. ಮುಂದಿನ ವರ್ಷ ಔಡಿ ಕಂಪನಿ ಡಿಟಿಎಂನಿಂದ ಹೊರಡುವುದಾಗಿ ಹೇಳಿತು, ಬಿಎಂಡಬ್ಲ್ಯು ಒಂಟಿಯಾಯಿತು, ಆ ದುಬಾರಿ ಕಾರುಗಳ ಕಾಲ ಡಿಟಿಎಂನಲ್ಲಿ ಮುಗಿಯಿತು. 2021ರಲ್ಲಿ ಸರಣಿ ಉಳಿದದ್ದು ಜಿಟಿ3 ಕಾರುಗಳನ್ನು ಅಪ್ಪಿಕೊಂಡು. ಬೆಂಗಳೂರಿನ ಹುಡುಗ ಅರ್ಜುನ್‌ಗೆ ಅಲ್ಲಿ ಜಾಗ ಸಿಕ್ಕಿದ್ದೂ ಆ ವರ್ಷವೇ. 2024ರಿಂದ ಲ ಮಾನ್ಸಿನಲ್ಲೂ ಜಿಟಿ ವರ್ಗವೆಂದರೆ ಜಿಟಿ3 ಕಾರುಗಳೇ.

ಹಾಗಾದರೆ ಯಾವುದು ಮೇಲು? ವೇಗದ ಲೆಕ್ಕದಲ್ಲಿ ಪ್ರೋಟೊಟೈಪನ್ನು ಮೀರಿಸುವುದು ಜಿಟಿ3ಕ್ಕೆ ಆಗದ ಮಾತು. ಗಾಳಿಯನ್ನು ಮೊದಲಿಟ್ಟು ಕಾರು ಕಟ್ಟಿದರೆ ಎಲ್ಲಿಯವರೆಗೆ ಹೋಗಬಹುದೆಂದು ಅದು ತೋರಿಸುತ್ತದೆ. ಆದರೂ ಎಂಜಿನಿಯರಿಂಗ್ ಕಲಿಯುವವರಿಗೆ ಜಿಟಿ3 ಕಾರೇ ಒಳ್ಳೆಯ ಗುರು ಎಂಬುದು ನನ್ನ ದೃಢ ಅಭಿಪ್ರಾಯ. ಕೊಟ್ಟ ಒಡಲು, ಕೊಟ್ಟ ಎಂಜಿನ್, ಕೊಟ್ಟ ನಿಯಮ. ಅದರೊಳಗೇ ಸೀಳೊಂದನ್ನು ಎಲ್ಲಿ ಇಡಬೇಕು, ಕಂಬವನ್ನು ಯಾವ ಕಡೆಯಿಂದ ಹಿಡಿಯಬೇಕು ಎಂದು ಯೋಚಿಸುವುದರಲ್ಲಿ ಬುದ್ಧಿಗೆ ನಿಜವಾದ ಕಸರತ್ತಿದೆ. ನಮ್ಮ ಮಕ್ಕಳು ನಾಳೆ ಕೆಲಸ ಮಾಡುವುದೂ ಇಂಥ ಮಿತಿಗಳೊಳಗೇ. ಬಸ್ಸಿನ ಮುಖವಿರಲಿ, ಲಾರಿಯ ತಲೆಯ ಮೇಲಿನ ಇಳಿಜಾರು ಹಲಗೆಯಿರಲಿ, ವಿದ್ಯುತ್ ಕಾರು ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂಬ ಪ್ರಶ್ನೆಯಿರಲಿ, ಎಲ್ಲೆಡೆ ಇರುವ ರೂಪವನ್ನು ತಿದ್ದುವ ಕೆಲಸವೇ.

ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು 1962ರಿಂದ ಈ ಜಿಲ್ಲೆಯ ಮಕ್ಕಳನ್ನು ಎಂಜಿನಿಯರುಗಳನ್ನಾಗಿ ಮಾಡುತ್ತಾ ಬಂದಿದೆ. ಆಟೊಮೊಬೈಲ್ ವಿಭಾಗವೂ ಅಲ್ಲಿದೆ. ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಎನ್‌ಎಎಲ್ ಸಂಸ್ಥೆಯ ಗಾಳಿ ಸುರಂಗ 1967ರಿಂದ ವಿಮಾನ, ರಾಕೆಟ್‌ಗಳ ಮಾದರಿಗಳನ್ನು ಪರೀಕ್ಷಿಸುತ್ತಿದೆ. ಗಾಳಿಯನ್ನು ಅರಿಯಲು ಅಷ್ಟು ದೊಡ್ಡ ಸುರಂಗವೇ ಬೇಕೆಂದೇನಿಲ್ಲ. ಗೇಣುದ್ದಕ್ಕಿಂತ ಚಿಕ್ಕದಾಗಿ ಉಲ್ಲನ್ ದಾರ ಕತ್ತರಿಸಿ, ಕಾರಿನ ಸೂರು, ಹಿಂದಿನ ಗಾಜು, ಡಿಕ್ಕಿಯ ಮೇಲೆ ಸಾಲಾಗಿ ಟೇಪಿನಿಂದ ಅಂಟಿಸಿ. ಕಾಲೇಜಿನ ಒಳಗಿನ ಖಾಲಿ ರಸ್ತೆಯಲ್ಲಿ, ಮೇಷ್ಟರ ಸಮ್ಮುಖದಲ್ಲಿ, 40 ಕಿ.ಮೀ. ವೇಗದಲ್ಲಿ ಓಡಿಸಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಹಿಡಿಯಿರಿ. ಎಳೆಗಳು ನೇರವಾಗಿ ಹಿಂದಕ್ಕೆ ಮಲಗಿರುವ ಕಡೆ ಗಾಳಿ ಮೈಗೆ ಅಂಟಿ ಹರಿಯುತ್ತಿದೆ. ಎಳೆಗಳು ಸುತ್ತ ತಿರುಗಿ ಒದ್ದಾಡುವ ಕಡೆ ಗಾಳಿ ಮೈಬಿಟ್ಟು ಸುಳಿಯಾಗಿದೆ. ದೊಡ್ಡ ಕಂಪನಿಗಳೂ ಈ ವಿಧಾನವನ್ನು ಕೈಬಿಟ್ಟಿಲ್ಲ. ಹುಳ ನೋಡಿ 917 ಕಾರನ್ನು ಸರಿಪಡಿಸಿದವರ ದಾರಿಯೂ ಇದೇ.

ಕೊನೆಯದಾಗಿ, ಹೆದ್ದಾರಿಯಲ್ಲಿ ಓಡಾಡುವ ಎಲ್ಲರಲ್ಲೂ ಒಂದು ಅರಿಕೆ. ಅಂಗಡಿಯಲ್ಲಿ ಸಿಗುವ ರೆಕ್ಕೆಯನ್ನು ಡಿಕ್ಕಿಯ ಮೇಲೆ ಕೂರಿಸಿದ ಮಾತ್ರಕ್ಕೆ ಸಣ್ಣ ಕಾರು ಜಿಟಿ ಆಗುವುದಿಲ್ಲ. ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಎಳೆಯುವುದೂ ತಿರುಗಿಸುವುದೂ ಮುಂದಿನ ಚಕ್ರಗಳೇ. ಹಿಂದಿನ ರೆಕ್ಕೆ ನಿಜವಾಗಿ ಕೆಲಸ ಮಾಡಿದರೆ ಆ ಮುಂಚಕ್ರಗಳೇ ಹಗುರವಾಗುತ್ತವೆ. ಕೆಲಸ ಮಾಡದಿದ್ದರೆ ಎಳೆತ ಹೆಚ್ಚಿ ಪೆಟ್ರೋಲು ಖರ್ಚು. ನಮ್ಮ ಕಾರಿಗೆ ಹೀರುವ ತಳವಿಲ್ಲ, ಮುಂದೆ ಸ್ಪ್ಲಿಟರ್ ಇಲ್ಲ, ರೇಸಿನ ಟೈರಿಲ್ಲ, ಟ್ರ್ಯಾಕಿನ ಪಕ್ಕದಲ್ಲಿ ಕಾದು ನಿಂತ ವೈದ್ಯರಿಲ್ಲ. 100ರಿಂದ 120ಕ್ಕೆ ಏರಿದರೆ ಗಾಳಿಯ ಎಳೆತ 30 ಕಿಲೋದಿಂದ 43 ಕಿಲೋಗೆ ಏರುತ್ತದೆ. ಅದನ್ನು ಮೀರಿ ತಳ್ಳಲು ಎಂಜಿನ್ 11 ಅಶ್ವಶಕ್ತಿಯ ಬದಲು 19 ವ್ಯಯಿಸಬೇಕು. ಹಾಗೆ ಮಾಡಿದರೂ ಮದ್ದೂರಿನಿಂದ ಮಂಡ್ಯಕ್ಕೆ ಉಳಿಯುವುದು ಎರಡು ನಿಮಿಷ.

ಎಕ್ಸ್‌ಪ್ರೆಸ್‌ ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ದಯವಿಟ್ಟು ಅದನ್ನು ಪಾಲಿಸಿ. ವೇಗದ ಹಂಬಲವಿರುವ ಮಕ್ಕಳಿದ್ದರೆ ಅವರನ್ನು ರೇಸ್ ಟ್ರ್ಯಾಕಿಗೆ ಕರೆದೊಯ್ಯಿರಿ, ಎಂಜಿನಿಯರಿಂಗ್ ಪ್ರಯೋಗಾಲಯಕ್ಕೆ ಕಳಿಸಿ. ನಮ್ಮ ಹೆದ್ದಾರಿ ಊರು ಸೇರುವುದಕ್ಕಾಗಿ ಇದೆ.